ನಾಲ್ಕು ಗಂಟೆಗೆ ಏಳುವ ಸೋದರಮಾವ

ಪ್ರಪಂಚದ ಮಹಾ ಮಹಾ ಕೋಟ್ಯಧಿಪತಿಗಳಿಗೂ ಗುಬ್ಬಿಯ ನನ್ನ ಸೋದರಮಾವನಿಗೂ ಇರುವುದು ಒಂದೇ ಒಂದು ವ್ಯತ್ಯಾಸ. ಅವರ ಹತ್ತಿರ ಕೋಟಿಗಳಿವೆ, ಮಾವನ ಹತ್ತಿರ ಇಲ್ಲ. ಮಿಕ್ಕಂತೆ ಎಲ್ಲವೂ ಸರಿಸಮ! ಅವರು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ, ಮಾವನೂ ಏಳುತ್ತಾರೆ. ಅವರು ತಣ್ಣೀರಿನಲ್ಲಿ ಸ್ನಾನ ಮಾಡುತ್ತಾರೆ, ಮಾವನೂ ಮಾಡಿ ವರ್ಷಕ್ಕೆ ಎಂಟು ತಿಂಗಳು ನೆಗಡಿ ಸಾಕಿಕೊಂಡಿದ್ದಾರೆ. ಅವರು ಕಾಲೇಜನ್ನು ಅರ್ಧಕ್ಕೇ ಬಿಟ್ಟು ದೊಡ್ಡವರಾದರಂತೆ. ಈ ಒಂದು ವಿಷಯದಲ್ಲಿ ಮಾತ್ರ ಮಾವ ಅವರಿಗಿಂತ ಒಂದು ಕೈ ಮೇಲು.

"ಅವ್ರು ಕಾಲೇಜ್ ಬಿಟ್ಟವ್ರು ಕಣೇ ಪುಟ್ಟಿ. ನಾನು ಎಂಟನೇ ಕ್ಲಾಸೇ ಬಿಟ್ಟವ್ನು. ನ್ಯಾಯವಾಗಿ ನೋಡಿದ್ರೆ ನಾನೇ ಮುಂದಿರ್ಬೇಕಾಗಿತ್ತು!" ಎನ್ನುತ್ತಾರೆ. ಈ ನ್ಯಾಯಕ್ಕೆ ಯಾವ ಕೋರ್ಟಿನಲ್ಲಿ ಉತ್ತರವಿದೆ, ನೀವೇ ಹೇಳಿ!

ಮಾವನದು ಗುಬ್ಬಿ ಪೇಟೆಯಲ್ಲಿ ಹಿಟ್ಟಿನ ಮಿಲ್ಲು. ಸಂತೆಗೆ ಬಂದವರು ರಾಗಿ ಚೀಲ ಅಲ್ಲಿ ಇಳಿಸಿ ಹೋಗುತ್ತಾರೆ, ಸಂತೆ ಮುಗಿದ ಮೇಲೆ ಹಿಟ್ಟು ಹೊತ್ತುಕೊಂಡು ಊರಿನ ಬಸ್ಸು ಹತ್ತುತ್ತಾರೆ. ಮಿಷನ್ನಿನ ಗದ್ದಲದಲ್ಲೇ ನಲವತ್ತು ವರ್ಷ ಕಳೆದ ಮಾವನಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ಅವರು ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುತ್ತದೆ. ಹೀಗೆ ನೆಮ್ಮದಿಯಾಗಿ ಹಿಟ್ಟು ಬೀಸಿಕೊಂಡಿದ್ದವರಿಗೆ ಐದಾರು ವರ್ಷದ ಹಿಂದೆ ಒಂದು ಪುಸ್ತಕ ಸಿಕ್ಕಿತು. ಯಾರೋ ಗಿರಾಕಿ ಚೀಲದ ಜೊತೆ ಮರೆತು ಹೋದದ್ದು. ಪ್ರಪಂಚದ ಸಾಧಕರು ಹೇಗೆ ಸೋತರು, ಹೇಗೆ ಎದ್ದರು, ಹೇಗೆ ಗೆದ್ದರು ಎಂದು ವಿವರಿಸುವ ಪುಸ್ತಕ. ಆ ಗಿರಾಕಿ ವಾಪಸು ಬಂದು ಪುಸ್ತಕ ಕೇಳಿದ್ದರೆ ನಮ್ಮ ವಂಶದ ಚರಿತ್ರೆಯೇ ಬೇರೆಯಾಗುತ್ತಿತ್ತು. ಆತ ಬರಲಿಲ್ಲ.

ಮೊದಲು ಎದ್ದದ್ದು ಕಾರ್ ಶೆಡ್ಡು. ದೊಡ್ಡ ದೊಡ್ಡ ಕಂಪನಿಗಳೆಲ್ಲ ಹುಟ್ಟಿದ್ದು ಕಾರ್ ಶೆಡ್ಡಿನಲ್ಲಂತೆ. ಮಾವನ ಹತ್ತಿರ ಇದ್ದದ್ದು ಹಳೆಯ ಮೊಪೆಡ್ಡು ಒಂದೇ. ಆದರೇನು, ಕಾರಿಲ್ಲದ ಮನೆಯ ಹಿತ್ತಲಲ್ಲಿ ತಗಡಿನ ಕಾರ್ ಶೆಡ್ಡು ಬಂತು. ಒಳಗೊಂದು ಮೇಜು, ಒಂದು ಕುರ್ಚಿ. ಮಾವ ಹದಿನೈದು ದಿನ ಅಲ್ಲಿ ಕೂತು ಕಂಪನಿ ಹುಟ್ಟುವುದನ್ನು ಕಾದರು. ಹದಿನಾರನೇ ದಿನ ಪಕ್ಕದ ಮನೆಯ ಬೆಕ್ಕು ಮೇಜಿನ ಕೆಳಗೆ ನಾಲ್ಕು ಮರಿ ಹಾಕಿತು. "ಶೆಡ್ಡಲ್ಲಿ ಹುಟ್ಟಿದ್ದೆಲ್ಲ ದೊಡ್ಡದಾಗ್ತದೆ ಅಂದ್ರಲ್ಲ, ಸಾಕ್ಕೊಳ್ಳಿ" ಅಂದರು ಅತ್ತೆ. ಈಗ ಆ ಶೆಡ್ಡಿನಲ್ಲಿ ಅತ್ತೆಯ ಸಂಡಿಗೆ ಡಬ್ಬಗಳಿವೆ.

ಆಮೇಲೆ ಅಂಗಿಯ ಸರದಿ. ಯಾರೋ ಮಹಾನುಭಾವರು ದಿನಾ ಒಂದೇ ಬಣ್ಣದ ಬಟ್ಟೆ ಹಾಕುತ್ತಾರಂತೆ. ಬೆಳಗ್ಗೆ ಎದ್ದು ಯಾವ ಅಂಗಿ ಹಾಕಲಿ ಎಂದು ಯೋಚಿಸುವ ಶಕ್ತಿ ಉಳಿಯುತ್ತದಂತೆ, ಆ ಶಕ್ತಿಯಿಂದ ಕಂಪನಿ ಕಟ್ಟಬಹುದಂತೆ. ಮಾವ ಏಳು ಕಪ್ಪು ಅಂಗಿ ಹೊಲಿಸಿಕೊಂಡರು. ಬೆಳಗ್ಗೆ ಎಂಟಕ್ಕೆ ಕಪ್ಪಗೆ ಮಿಲ್ಲಿಗೆ ಹೋದವರು ಒಂಬತ್ತಕ್ಕೆಲ್ಲ ತಲೆಯಿಂದ ಕಾಲಿನವರೆಗೆ ಬಿಳಿ! ನಾನು ಅತ್ತೆಗೆ ಫೋನ್ ಮಾಡಿ, "ಮಾವ ದಿನಾ ಒಂದೇ ಬಣ್ಣವಂತೆ?" ಎಂದು ಕೇಳಿದರೆ, "ಮದ್ವೆ ಆದಾಗಿಂದ್ಲೂ ಒಂದೇ ಬಣ್ಣ ಕಣೇ, ಹಿಟ್ಟಿನ ಬಣ್ಣ" ಎಂದರು.

ಗಿರಾಕಿಯ ಮನಸ್ಸನ್ನು ಅರಿಯಬೇಕು ಎಂದು ಇನ್ನೊಬ್ಬ ಸಾಧಕರು ಬರೆದಿದ್ದರು. ಮಾವ ಮಿಲ್ಲಿನ ಬಾಗಿಲಿಗೆ ಸಲಹಾ ಪೆಟ್ಟಿಗೆ ತೂಗುಹಾಕಿದರು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ತಿಂಗಳಾದ ಮೇಲೆ ಊರಿನ ನಾಲ್ಕು ಜನರನ್ನು ಕರೆದು, ಕಾಫಿ ಕೊಟ್ಟು, ಪೆಟ್ಟಿಗೆ ತೆಗೆದರು. ಒಳಗೆ ಒಂದೇ ಒಂದು ಚೀಟಿ. "ಪುಸ್ತಕ ಆಮೇಲೆ ಓದಿ ಸ್ವಾಮಿ, ಮೊದಲು ನಮ್ಮ ರಾಗಿ ಬೀಸಿ" ಎಂದು ಬರೆದಿತ್ತು. ಪೆನ್ನು ಎರಡನೇ ದಿನವೇ ಹೋಗಿತ್ತು, ದಾರ ಮಾತ್ರ ಇತ್ತು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅಷ್ಟರಲ್ಲಿ ಒಂದು ಮದುವೆ ಬಂತು. ಮದುವೆಯ ಹೆಣ್ಣು ನಾನೇ!

ನಮ್ಮ ಕಡೆ ಮುಹೂರ್ತದ ಹೊತ್ತಿಗೆ ಹೆಣ್ಣನ್ನು ಕೈಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ. ಅಪ್ಪ ಎಷ್ಟೇ ಓಡಾಡಲಿ, ಆ ಕೈ ಮಾತ್ರ ತಾಯಿಯ ತವರಿನದೇ ಆಗಬೇಕು. ಅಮ್ಮನ ತವರೆಂದರೆ ಮಾವ ಒಬ್ಬರೇ. ಹೆತ್ತವರು ಅವಳು ಚಿಕ್ಕವಳಿದ್ದಾಗಲೇ ಹೋಗಿದ್ದರು. ಗಂಡಿನ ಕಡೆಯವರು ಕುಣಿಗಲ್ಲಿನಿಂದ ಎರಡು ಬಸ್ಸು ಮಾಡಿಕೊಂಡು ತುಮಕೂರಿನ ಛತ್ರಕ್ಕೆ ಬಂದಿಳಿದಿದ್ದರು. ಮಾವ ಹಿಂದಿನ ಮೂರು ದಿನದಿಂದ ಕೂತವರಲ್ಲ. ಚಪ್ಪರ, ಹೂವು, ಬಾಳೆಲೆ ಎಲ್ಲಕ್ಕೂ ಅವರೇ. ಮದುವೆಯ ದಿನ ವಿಶೇಷ ದಿನವಲ್ಲವೇ, ನಾಲ್ಕರ ಬದಲು ಎರಡೂವರೆಗೇ ಎದ್ದು ತಣ್ಣೀರು ಸುರಿದುಕೊಂಡಿದ್ದರು.

ಸಾಧಕರು ದೊಡ್ಡ ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಒಬ್ಬರೇ ಕೂತು, ಕಣ್ಣು ಮುಚ್ಚಿ, ಗೆಲುವನ್ನು ಕಣ್ಮುಂದೆ ತಂದುಕೊಳ್ಳುತ್ತಾರಂತೆ. ಮದುವೆ ಛತ್ರದಲ್ಲಿ ಒಬ್ಬರೇ ಕೂರುವ ಜಾಗ ಎಲ್ಲಿದೆ? ಮಾವ ಹುಡುಕಿ ಹುಡುಕಿ ಉಗ್ರಾಣದಲ್ಲಿ ತೆಂಗಿನಕಾಯಿ ಮೂಟೆಗಳ ಹಿಂದೆ ಕೂತರು. ಫೋನನ್ನು ಸೈಲೆಂಟ್ ಮಾಡಿದರು, ಕಣ್ಣು ಮುಚ್ಚಿದರು.

ಇತ್ತ ಪುರೋಹಿತರು "ಹೆಣ್ಣನ್ನು ಕರೆತನ್ನಿ" ಎಂದು ಮೂರು ಸಲ ಕೂಗಿದರು. ನಾನು ಬಾಸಿಂಗ ಕಟ್ಟಿಸಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದೇನೆ. ಮಾವ ಇಲ್ಲ! ಊಟದ ಹಾಲ್ ನೋಡಿದರು, ಮಹಡಿ ನೋಡಿದರು, ರಸ್ತೆಗೂ ಹೋಗಿ ನೋಡಿದರು. ಗಂಡಿನ ಕಡೆಯ ಹೆಂಗಸೊಬ್ಬರು, "ಯಾಕೆ, ಹುಡುಗಿಗೆ ಸೋದರಮಾವ ಇಲ್ವಾ?" ಎಂದು ಕೇಳಿದರು. ಪಾಪ, ತಿಳಿದುಕೊಳ್ಳಲೆಂದೇ ಕೇಳಿದ್ದು. ಅಮ್ಮನ ಮುಖವನ್ನು ನಾನು ಆಗ ನೋಡಬಾರದಿತ್ತು. ಕೊನೆಗೆ ಬೆಳ್ಳಾವಿಯಿಂದ ಬಂದಿದ್ದ ದೂರದ ನೆಂಟರೊಬ್ಬರು ಪಂಚೆ ಸರಿಮಾಡಿಕೊಂಡು ನನ್ನ ಕೈ ಹಿಡಿದರು. ಅವರನ್ನು ಅದಕ್ಕೆ ಮುಂಚೆ ನಾನು ಎರಡು ಸಲ ನೋಡಿದ್ದೆನೇನೋ.

ಧಾರೆಯಾಗಿ, ತಾಂಬೂಲಕ್ಕೆ ತೆಂಗಿನಕಾಯಿ ತರಲು ಹೋದ ಅಡುಗೆಯವರು ಮೂಟೆ ಎಳೆದಾಗ ಹಿಂದೆ ಮಾವ ಸಿಕ್ಕಿದರು. ಕಣ್ಣುಜ್ಜಿಕೊಂಡು, "ಟೈಮಾಯ್ತಾ?" ಎಂದರಂತೆ. ಓಡಿ ಬಂದವರ ಮುಂದೆ ಅಮ್ಮ ಅಳಲಿಲ್ಲ, ಕೂಗಾಡಲಿಲ್ಲ. "ನನ್ನ ತವರು ತೆಂಗಿನಕಾಯಿ ಮೂಟೆ ಹಿಂದೆ ಮಲಗಿತ್ತು" ಎಂದಳು. ಅದೇ ಕೊನೆ. ಆಮೇಲೆ ನಾಲ್ಕು ವರ್ಷ ಮಾವನ ಜೊತೆ ಒಂದು ಮಾತಿಲ್ಲ.

ನಾನು ಮಾವನನ್ನು ಅವತ್ತೇ ಕ್ಷಮಿಸಿದೆ. ಇಷ್ಟು ಒಳ್ಳೆ ಕಥೆ ಯಾರ ಮದುವೆಯಲ್ಲಿ ಸಿಗುತ್ತದೆ! ಆದರೆ ಅಮ್ಮನಿಗೆ ಅದು ಕಥೆಯಾಗಲಿಲ್ಲ. ಮಾವನಿಗೂ ಆಗಲಿಲ್ಲ. ಅವರ ಸಾಧಕರೆಲ್ಲ ಕಂಪನಿ ಕಟ್ಟುವುದನ್ನು ಬಿಟ್ಟು, ತಂಗಿಯನ್ನು ಮಾತಾಡಿಸುವ ಒಂದೇ ಕೆಲಸಕ್ಕೆ ನೇಮಕವಾದರು.

ಪ್ರತಿ ಭಾನುವಾರ ಮಧ್ಯಾಹ್ನ ಮಿಲ್ಲು ಮುಚ್ಚಿ ಮಾವ ತುಮಕೂರಿಗೆ ಬರುತ್ತಾರೆ. ಅಮ್ಮನ ಮನೆಗೂ ನನ್ನ ಮನೆಗೂ ಎರಡೇ ಬೀದಿ ದೂರ, ಹಾಗಾಗಿ ನಾನೂ ಅಲ್ಲೇ ಇರುತ್ತೇನೆ. ಅಪ್ಪ ಜಗಳಕ್ಕೂ ಇಲ್ಲ, ರಾಜಿಗೂ ಇಲ್ಲ. ಇಬ್ಬರ ನಡುವೆ ಪೇಪರ್ ಹಿಡಿದು ಮುಖ ಮುಚ್ಚಿಕೊಂಡು ಕೂತಿರುತ್ತಾರೆ. ಒಂದೇ ಪುಟವನ್ನು ಒಂದು ಗಂಟೆ ಓದುತ್ತಾರೆ.

ಬಲ್ಬು ಕಂಡುಹಿಡಿದವರು ಸಾವಿರ ಸಲ ಸೋತರಂತೆ, ಸೋತಾಗಲೆಲ್ಲ ಗೆಲುವಿಗೆ ಒಂದು ಹೆಜ್ಜೆ ಹತ್ತಿರ ಬಂದೆ ಅಂದುಕೊಂಡರಂತೆ. ಮಾವ ಅಮ್ಮ ಮಾತಾಡದ ಪ್ರತಿ ಭಾನುವಾರಕ್ಕೂ ಮಿಲ್ಲಿನ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆಯತೊಡಗಿದರು. ಗೋಡೆ ತುಂಬುತ್ತಾ ಬಂತು. ಒಂದು ದಿನ ಹಿಟ್ಟು ಬೀಸಿಸಲು ಬಂದ ಲೈನ್‌ಮನ್ ಗೆರೆಗಳನ್ನು ನೋಡಿ ಬೆವರಿ, "ನಾವು ಇಷ್ಟೊಂದ್ ಸಲ ಕರೆಂಟ್ ತೆಗ್ದಿದ್ದೀವಾ ಯಜಮಾನ್ರೇ?" ಎಂದು ಕೇಳಿದನಂತೆ. ಅದಾದ ಮೇಲೆ ಎರಡು ತಿಂಗಳು ಆ ಬೀದಿಯಲ್ಲಿ ಕರೆಂಟೇ ಹೋಗಲಿಲ್ಲ.

ಬರುವಾಗ ಮಾವ ಬರಿಗೈಯಲ್ಲಿ ಬರುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹೊಸದಾಗಿ ಬೀಸಿದ ರಾಗಿಹಿಟ್ಟು ತರುತ್ತಾರೆ. ನಿಮಗೇ ಗೊತ್ತು, ನಮ್ಮಲ್ಲಿ ಕೊಟ್ಟವರ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯೋ, ಎರಡು ಬಾಳೆಹಣ್ಣೋ ಹಾಕಿ ಕೊಡುತ್ತೇವೆ. ಅಮ್ಮ ಹಿಟ್ಟು ಸುರಿದುಕೊಂಡು, ಡಬ್ಬಿ ತೊಳೆದು, ಒರೆಸಿ, ಖಾಲಿ ಕಳಿಸುತ್ತಾಳೆ. ಒರೆಸುವುದು ಬೇರೆ ಚೆನ್ನಾಗಿ ಒರೆಸುತ್ತಾಳೆ! ಒಂದು ಭಾನುವಾರ ಮಾವ ಊರು ಸೇರಿದವರೇ ಫೋನ್ ಮಾಡಿದರು. "ಪುಟ್ಟಿ, ಗೆದ್ದೆ ಕಣೇ! ಡಬ್ಬಿ ಒಳಗೆ ಒಂದು ಲವಂಗ ಹಾಕ್ಯವ್ಳೆ!" ಆ ಸಂತೋಷಕ್ಕೆ ನಾನೂ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಕೇಳಿತು. "ಅದು ನಮ್ದೇ ಲವಂಗ ರೀ, ಮುಚ್ಚಳದ ಸಂದೀಲಿ ಸಿಕ್ಕೊಂಡಿತ್ತು." ಮಾವ ಫೋನ್ ಇಟ್ಟರು.

ಇನ್ನೊಂದು ಪುಸ್ತಕದಲ್ಲಿ ಅರ್ಧ ನಿಮಿಷದ ಭಾಷಣದ ಸೂತ್ರ ಸಿಕ್ಕಿತು. ದೊಡ್ಡ ಮನುಷ್ಯರು ಲಿಫ್ಟಿನಲ್ಲಿ ಸಿಕ್ಕಿದರೆ, ಲಿಫ್ಟು ಮೇಲೆ ಹೋಗುವುದರೊಳಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಬೇಕಂತೆ. ನಮ್ಮದು ಹೆಂಚಿನ ಮನೆ, ಲಿಫ್ಟು ಎಲ್ಲಿಂದ ಬರಬೇಕು? ಅಮ್ಮ ಅಡುಗೆಮನೆಯಿಂದ ದೇವರ ಕೋಣೆಗೆ ಹೋಗುವ ಹಾದಿಯನ್ನೇ ಮಾವ ಲಿಫ್ಟು ಅಂದುಕೊಂಡರು. ವಾರವಿಡೀ ಮಿಲ್ಲಿನಲ್ಲಿ ಭಾಷಣ ಉರು ಹೊಡೆದು ಬಂದು ಕಂಬದ ಹತ್ತಿರ ಕಾದರು. ಆ ಹಾದಿ ಆರೇ ಹೆಜ್ಜೆ. ಅಮ್ಮ ಅವತ್ತು ನಾಲ್ಕೇ ಹೆಜ್ಜೆಯಲ್ಲಿ ದಾಟಿದಳು. "ನೋಡವ್ವ, ನಾನು ನಿನ್ನ ಅಣ್ಣ..." ಎನ್ನುವಷ್ಟರಲ್ಲಿ ದೇವರ ಕೋಣೆಯ ಬಾಗಿಲು ಮುಚ್ಚಿತು. ಉಳಿದ ಭಾಷಣವನ್ನು ಮಾವ ಪೇಪರಿನ ಹಿಂದಿದ್ದ ಅಪ್ಪನಿಗೆ ಹೇಳಿ ಮುಗಿಸಿದರು.

ಎಲ್ಲಕ್ಕಿಂತ ದೊಡ್ಡ ಅನಾಹುತ ನಡೆದದ್ದು ಎರಡು ವರ್ಷದ ಹಿಂದೆ. ಅವತ್ತು ಅಮ್ಮ ಯಾಕೋ ಸ್ವಲ್ಪ ಮೆತ್ತಗಾಗಿದ್ದಳು. ಅಡುಗೆಮನೆಯಿಂದ ಹೊರಗೆ ಬರುವವಳಿದ್ದಳು, ನನಗದು ಗೊತ್ತಾಗಿತ್ತು. ಮಾವನಿಗೆ ಕಣ್ಣು ಮಿಟುಕಿಸಿದೆ. ಮಾವ ಏನು ಮಾಡಿದರು ಗೊತ್ತೇ? ಇಷ್ಟು ದೊಡ್ಡ ಗಳಿಗೆ ಬಂದಿದೆಯೆಂದು ಗೆಲುವನ್ನು ಕಣ್ಮುಂದೆ ತಂದುಕೊಳ್ಳಲು ಸೋಫಾದ ಮೇಲೆ ಕೂತು ಕಣ್ಣು ಮುಚ್ಚಿದರು! ಅಮ್ಮ ಬಾಗಿಲಿಗೆ ಬಂದಳು, ನೋಡಿದಳು, ಹಾಗೇ ತಿರುಗಿ ಹೋದಳು. ಅಪ್ಪ ಪೇಪರಿನ ಹಿಂದಿನಿಂದಲೇ, "ಎದ್ದೇಳೋ ಮಾರಾಯ, ನಿಂದು ಮುಗೀತು" ಎಂದರು.

ನಗು ಬರುತ್ತದೆ, ನಿಜ. ಆದರೆ ಆ ಭಾನುವಾರಗಳು ಮುಗಿದು ನನ್ನ ಮನೆಗೆ ನಡೆದು ಬರುವಾಗ ನನಗೆ ಎಷ್ಟೋ ಸಲ ಅಳು ಬಂದಿದೆ. ನನಗೆ ಅವರಿಬ್ಬರ ಹಳೆಯ ಗಲಾಟೆ ಬೇಕು. ನನ್ನ ಮದುವೆಗೆ ಮುಂಚೆ ಮಾವ ಬಂದರೆ ಸಾಕು, ಅಡುಗೆಮನೆಯಲ್ಲಿ ಇಬ್ಬರೂ ಮಾತಿನಲ್ಲೇ ಮಾರ್ಕೋನಹಳ್ಳಿ ಕಡೆಯ ತಮ್ಮ ಹಳ್ಳಿಗೆ ಹೋಗಿಬಿಡುತ್ತಿದ್ದರು. ಕಾಲುವೆಗೆ ನೀರು ಬಿಟ್ಟ ದಿನ ಮಾವ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ದಾಟಿಸುತ್ತಿದ್ದರಂತೆ. ಅವಳ ಬ್ಯಾಗು ಅವರ ಹಲ್ಲಿನಲ್ಲಿ. ಅಮ್ಮ ನಡುನೀರಿನಲ್ಲಿ ಬೇಕೆಂದೇ ಕಚಗುಳಿ ಇಡುತ್ತಿದ್ದಳಂತೆ. ತಾತ ಹೋದ ಮೇಲೆ ಮಾವ ಎಂಟನೇ ಕ್ಲಾಸು ಬಿಟ್ಟು ಗುಬ್ಬಿಯ ಇದೇ ಮಿಲ್ಲಿಗೆ ಕೂಲಿಗೆ ಸೇರಿ, ತಂಗಿಯನ್ನು ಕಾಲೇಜಿನವರೆಗೆ ಓದಿಸಿದರು. ಅದನ್ನು ಮಾತ್ರ ಅವರು ಯಾವತ್ತೂ ಸಾಧನೆಯ ಪಟ್ಟಿಗೆ ಸೇರಿಸಿದವರಲ್ಲ.

ಅಮ್ಮನೂ ಕಲ್ಲೇನಲ್ಲ. ಭಾನುವಾರ ಮೂರು ಗಂಟೆಗೆ ಒಲೆಯ ಮೇಲೆ ಬೆಲ್ಲದ ಕಾಫಿ ಕುದಿಯುತ್ತದೆ. ನಮ್ಮ ಮನೆಯಲ್ಲಿ ಬೆಲ್ಲದ ಕಾಫಿ ಕುಡಿಯುವವರು ಮಾವ ಬಿಟ್ಟರೆ ಇನ್ನಾರೂ ಇಲ್ಲ. ಲೋಟ ಕಟ್ಟೆಯ ಮೇಲಿಟ್ಟು ನನಗೆ "ತಗೊಂಡ್ ಹೋಗು" ಎನ್ನುತ್ತಾಳೆ. ಯಾರಿಗೆ ಎಂದು ಹೇಳುವುದಿಲ್ಲ. ಮಾವ ಕೊನೆಯ ಗುಟುಕನ್ನು ಆರುವವರೆಗೂ ಉಳಿಸಿಕೊಂಡು ಕೂರುತ್ತಾರೆ.

ಹೋದ ತಿಂಗಳು ಒಂದು ಭಾನುವಾರ ನನಗೇ ತಾಳ್ಮೆ ತಪ್ಪಿತು. ಮಾವ ಹೊಸ ಪುಸ್ತಕ ತೆಗೆದು, ಹಳ್ಳಿಯಿಂದ ಹೋಗಿ ಹಡಗಿನ ಕಂಪನಿ ಕಟ್ಟಿದ ಯಾರದೋ ಕಥೆ ಶುರು ಮಾಡಿದ್ದರು.

"ಸಾಕು ಮಾವ! ನಿಮ್ ಸಾಧಕರೆಲ್ಲ ಗುರಿ ಇರ್ಬೇಕು, ಗುರಿ ಇರ್ಬೇಕು ಅಂತಾರಲ್ಲ, ಅಮ್ಮ ಮಾತಾಡ್ಲೇ ಇಲ್ಲ ಅಂದ್ರೆ ಏನ್ ಮಾಡ್ತೀರ? ಇನ್ನೂ ಎಷ್ಟು ವರ್ಷ ಹಿಂಗೆ ಬರ್ತೀರ?" ಎಂದೆ.

ಮಾವ ಪುಸ್ತಕ ಮುಚ್ಚಿದರು. ಅಡುಗೆಮನೆಯಲ್ಲಿ ನಲ್ಲಿ ಓಡುತ್ತಿತ್ತು, ಅಮ್ಮ ಪಾತ್ರೆ ತೊಳೆಯುತ್ತಿದ್ದಳು.

"ಮೊದಮೊದಲು ಮಾತಾಡ್ಲಿ ಅಂತಾನೇ ಬತ್ತಿದ್ದೆ ಕಣೇ" ಎಂದರು. "ಈಗ ಅದಲ್ಲ. ನಮ್ಮಪ್ಪ ಹೋದಾಗ ನಿಮ್ಮಮ್ಮಂಗೆ ಒಂಬತ್ತು ವರ್ಷ. ಹಿಂದಿನ ದಿನ ಯಾತಕ್ಕೋ ಅಪ್ಪನ ಮೇಲೆ ಮುನಿಸ್ಕೊಂಡು ಊಟ ಬಿಟ್ಟು ಮಲಗಿದ್ಲು. ಬೆಳಗ್ಗೆ ಎದ್ದು ನೋಡಿದ್ರೆ ಅಪ್ಪನೇ ಇಲ್ಲ. ಎಲ್ಲಾ ಮುಗ್ದ ಮೇಲೆ ಬಂದು ನನ್ನ ಕೇಳಿದ್ಲು, ಅಣ್ಣ, ಇನ್ಮೇಲೆ ನಾನು ಯಾರ ಮೇಲೆ ಮುನಿಸ್ಕೊಳ್ಲಿ ಅಂತ. ನನ್ ಮೇಲೆ ಮುನಿಸ್ಕೊಳವ್ವ, ನಾನೆಲ್ಲೂ ಹೋಗಲ್ಲ ಅಂದಿದ್ದೆ."

ಮಾವ ಕನ್ನಡಕ ತೆಗೆದು ಕಪ್ಪು ಅಂಗಿಯ ತುದಿಯಲ್ಲಿ ಒರೆಸಿದರು.

"ಅದಕ್ಕೇ ವಾರ ವಾರ ಬತ್ತೀನಿ. ಮಾತಾಡೋಕೆ ಅವ್ಳಿಗೆ ನೀವೆಲ್ಲ ಇದೀರ. ಮುನಿಸ್ಕೊಳಕೆ ಇರೋನು ನಾನೊಬ್ನೇ ಅಲ್ವಾ."

ಹೇಳಿದೆನಲ್ಲ, ಮಾವನಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ಅಡುಗೆಮನೆಯಲ್ಲಿ ನಲ್ಲಿ ನಿಂತಿತ್ತು. ಪಾತ್ರೆಯ ಸದ್ದೂ ಇರಲಿಲ್ಲ. ಆದರೂ ಅಮ್ಮ ಹೊರಗೆ ಬರಲಿಲ್ಲ. ಮಾವ ಎದ್ದು, ಅಡುಗೆಮನೆಯ ಕಡೆಗೆ ತಿರುಗಿ "ಬತ್ತೀನಿ ಕಣವ್ವ" ಎಂದು ಯಾವತ್ತಿನಂತೆ ಹೇಳಿ, ಯಾವತ್ತಿನಂತೆ ಉತ್ತರಕ್ಕೆ ಒಂದು ಗಳಿಗೆ ನಿಂತು, ಹೊರಟುಹೋದರು.

ಅರ್ಧ ಗಂಟೆಯಾಗಿರಬೇಕು. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬೀದಿ ಬಾಗಿಲಿಗೆ ಬಂದಳು. ಕೈ ಆಗಲೇ ಒಣಗಿತ್ತು, ಕಣ್ಣು ಮಾತ್ರ ಕೆಂಪಗಿತ್ತು. ಖಾಲಿ ಬೀದಿಯನ್ನು ಆ ತುದಿಯವರೆಗೂ ನೋಡಿ, ನನ್ನ ಕಡೆ ತಿರುಗದೆಯೇ ಕೇಳಿದಳು.

"ಅಣ್ಣಂಗೆ ಬಸ್ ಸಿಕ್ತೇನೇ?"

ಅಣ್ಣ! ನಾಲ್ಕು ವರ್ಷದ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಕೇಳಿಸಿತು. ಅಪ್ಪನ ಪೇಪರ್ ಮಡಿಲಿಗೆ ಬಿತ್ತು. ನಾನು ತಕ್ಷಣ ಮಾವನಿಗೆ ಫೋನ್ ಮಾಡಿದೆ. ಅತ್ತ ಬಸ್ಸಿನ ಸದ್ದು, "ಯಾರ್ರೀ ಟಿಕೆಟ್, ಟಿಕೆಟ್" ಎನ್ನುವ ಕಂಡಕ್ಟರ್ ಕೂಗು.

"ಮಾವ, ಅಮ್ಮ ಕೇಳ್ತಾ ಇದಾಳೆ..."

"ಏನಂತೆ?"

"ಅಣ್ಣಂಗೆ ಬಸ್ ಸಿಕ್ತಾ ಅಂತ."

ಹುಟ್ಟಿದಾಗಿನಿಂದ ನಾನು ಕೇಳಿರದಷ್ಟು ಮೆಲ್ಲಗೆ, ಮಾವ ಮಾತಾಡಿದರು.

"ಸಿಗ್ಲಿಲ್ಲ ಅಂತ ಹೇಳು."

ಮರುಕ್ಷಣವೇ, ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೂ ಕೇಳಿಸುವಂತೆ, ಫೋನಿನೊಳಗಿಂದ ಮಾವನ ಕೂಗು ಬಂತು: "ಹೋಲ್ಡಾನ್! ಹೋಲ್ಡಾನ್ ಕಣಪ್ಪ! ಇಳ್ಕೋಬೇಕು!"